ಸಾಗರ ರಸ್ತೆಯ ಲೇತ್ ಶಾಪು: ಫೈನಲ್ ಇಯರ್ ಪ್ರಾಜೆಕ್ಟಿಗೆ ಬಿಲ್ಲು ಎಷ್ಟು, ಎಡವಟ್ಟು ಎಲ್ಲಿ

ಕೆಲಸ ಇಷ್ಟು: ಸಣ್ಣದೊಂದು ಅಡಿಕೆ ಸುಲಿಯುವ ಮಿಷಿನ್ನಿನ ಡ್ರೈವ್ ಭಾಗ. ಒಂದು ಶಾಫ್ಟು (ತಿರುಗುವ ದಂಡ), ಎರಡು ಬೇರಿಂಗ್ ಹೌಸಿಂಗು (ಬೇರಿಂಗ್ ಕೂರುವ ಬಿಲ್ಲೆ), ಎರಡು ಸೈಡ್ ಪ್ಲೇಟು. ಶಿವಮೊಗ್ಗದ ಮೆಕ್ಯಾನಿಕಲ್ ಹುಡುಗರು ವರ್ಷವರ್ಷ ಹೊತ್ತು ತರುವ ಜಾಬು ಇಂಥದ್ದೇ. ಅಂಗಡಿ ಸಾಗರ ರಸ್ತೆಯ ಕೈಗಾರಿಕಾ ವಸಾಹತಿನದು: ಮೂರು ಲೇತು (ಜಾಬನ್ನೇ ತಿರುಗಿಸಿ ಕೊಯ್ಯುವುದು), ಒಂದು ಮಿಲ್ಲಿಂಗು (ಕಟರು ತಿರುಗಿ ಕೊಯ್ಯುವುದು), ಒಂದು ರೇಡಿಯಲ್ ಡ್ರಿಲ್ಲು, ಮೂಲೆಯಲ್ಲಿ ಪವರ್ ಹ್ಯಾಕ್ಸಾ. ಹೆಸರು ಹೇಳುತ್ತಿಲ್ಲ, ಇಂಥ ಶೆಡ್ಡುಗಳಲ್ಲಿ ಕತೆ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಬರೆಯುತ್ತಿರುವುದು ಇವರು ಮಾಡಿಕೊಡುವ ಜಾಬ್ ವರ್ಕಿನ ಬಗ್ಗೆ. ವಿದ್ಯಾರ್ಥಿಗೆ ಯಾವ ಕೆಲಸ ಇಲ್ಲಿ ಸಲೀಸು, ಯಾವುದು ಕೈಸುಡುತ್ತದೆ, ಬಿಲ್ಲಿನ ದುಡ್ಡು ನಿಜಕ್ಕೂ ಎಲ್ಲಿಗೆ ಹೋಗುತ್ತದೆ ಅನ್ನುವುದಷ್ಟೇ ವಿಷಯ.

ಮೊದಲು ಬಿಲ್ಲು. ಶಾಫ್ಟಿಗೆ ಇಎನ್8 ಅನ್ನುವ ಮಧ್ಯಮ ಕಾರ್ಬನ್ ಉಕ್ಕಿನ ಕಪ್ಪು ಸರಳು, 35 ಮಿಮೀ ವ್ಯಾಸ, 460 ಮಿಮೀ ಉದ್ದ. ದುಂಡು ಸರಳಿನ ತೂಕಕ್ಕೆ ಅಂಗಡಿಯವರ ಲೆಕ್ಕ ಬಾಯಿಪಾಠ ಇರಲಿ: ವ್ಯಾಸವನ್ನು ವ್ಯಾಸದಿಂದ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಇಷ್ಟು ಕೆಜಿ ಅಂತ ಬರುತ್ತದೆ. 35ಕ್ಕೆ ಮೀಟರಿಗೆ 7.56 ಕೆಜಿ, ಈ ತುಂಡಿಗೆ 3.48 ಕೆಜಿ, ಕೆಜಿಗೆ ₹90ರಂತೆ ₹313. ಹೌಸಿಂಗಿಗೆ 95 ಮಿಮೀ ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕು) ದುಂಡು, 30 ಮಿಮೀ ದಪ್ಪದ ಎರಡು ಬಿಲ್ಲೆ, 3.34 ಕೆಜಿ, ₹70ರಂತೆ ₹234. ಇವೆರಡರ ಮೇಲೆ ಶೇಕಡಾ 18 ಜಿಎಸ್‌ಟಿ ₹98. ಕಟಿಂಗ್ ಚಾರ್ಜು ₹120. ಲೇತಿಗೆ ಗಂಟೆಗೆ ₹300: ಶಾಫ್ಟಿಗೆ ಎರಡೂವರೆ ಗಂಟೆ ₹750, ಎರಡು ಹೌಸಿಂಗಿಗೆ ಮೂರೂವರೆ ಗಂಟೆ ₹1,050. ಕೀವೇಗೆ (ಪುಲ್ಲಿ ಜಾರದಂತೆ ಹಿಡಿಯುವ ಕೀ ಅನ್ನುವ ತುಂಡು ಕೂರಲು ಶಾಫ್ಟಿನಲ್ಲಿ ಕೊಯ್ಯುವ ತೋಡು) ₹350. ಎಂಟು ತೂತಿಗೆ ₹160. 6 ಮಿಮೀ ಸೈಡ್ ಪ್ಲೇಟು ಎರಡು, ಲೇಸರ್ ಕಟಿಂಗ್ ಬೇರೆ ಅಂಗಡಿಯಲ್ಲಿ, ತಗಡು ಸೇರಿ ₹1,030. 6205 ಬೇರಿಂಗು (ಒಳ ವ್ಯಾಸ 25, ಹೊರ ವ್ಯಾಸ 52 ಮಿಮೀ) ಎರಡಕ್ಕೆ ₹440. ಕೊನೆಗೆ ಒಂದು ಹೌಸಿಂಗು ಲೂಸಾಗಿ ರಿಪೇರಿಗೆ ಮತ್ತೆ ₹600. ಒಟ್ಟು ₹5,145.

ಇದರಲ್ಲಿ ಕಬ್ಬಿಣದ ಪಾಲು, ತೆರಿಗೆಯೂ ಲೇಸರ್ ಬಿಲ್ಲಿನೊಳಗಿನ ತಗಡಿನ ₹530 ಕೂಡ ಸೇರಿ, ₹1,175. ನಾಲ್ಕರಲ್ಲಿ ಒಂದು ಪಾಲೂ ಇಲ್ಲ. ಬಜೆಟ್ ಹಾಳೆಯಲ್ಲಿ ‘ಮೆಟೀರಿಯಲ್ ಕಾಸ್ಟ್’ ಅಂತ ದೊಡ್ಡ ಸಾಲು, ಕೆಳಗೆ ‘ಮಷೀನಿಂಗ್’ ಅಂತ ಸಣ್ಣ ಸಾಲು ಬರೆಯುವವರು ಅದನ್ನು ತಿರುವುಮುರುವು ಮಾಡಿಕೊಳ್ಳಬೇಕು. ಮಷೀನಿಂಗಿನಲ್ಲೂ ಟೂಲು ಲೋಹ ಕೊಯ್ಯುವ ಹೊತ್ತಿಗೆ ಕೊಡುವ ದುಡ್ಡು ಕಮ್ಮಿ. ಜಾಬು ಹಿಡಿಸಿ, ಸೆಂಟರ್ ಮಾಡಿ, ಟೂಲು ಕೂರಿಸುವ ಹೊತ್ತಿಗೆ ಕೊಡುವುದೇ ಜಾಸ್ತಿ. ಕೀವೇ ನೋಡಿ. 20 ಮಿಮೀ ಶಾಫ್ಟಿನ ಮೇಲೆ 6 ಮಿಮೀ ಅಗಲದ ಗಾಡಿ (ಲೇತ್ ಶಾಪಿನ ಮಾತಲ್ಲಿ ತೋಡು) ಕೊಯ್ಯಲು ಮಿಲ್ಲಿಂಗಿಗೆ ಹತ್ತು ನಿಮಿಷ ಸಾಕು. ಶಾಫ್ಟನ್ನು ವೈಸಿನಲ್ಲಿ ಮಟ್ಟಮಾಡಿ, ಕಟರು ನಡುಗೆರೆಗೆ ಬಂತಾ ಅಂತ ನೋಡಿ, ಸೊನ್ನೆ ಹಿಡಿಯಲು ನಲವತ್ತು ನಿಮಿಷ. ₹350 ಆ ನಲವತ್ತು ನಿಮಿಷದ ಬೆಲೆ. ಎರಡನೇ ತುದಿಯಲ್ಲೂ ಇನ್ನೊಂದು ಗಾಡಿ ಬೇಕು ಅಂತ ಮಾರನೇ ದಿನ ಹೋದರೆ ಮತ್ತೆ ಅಷ್ಟೇ ಕೊಡಬೇಕು. ಅದೇ ದಿನ ಅದೇ ಸೆಟ್ಟಿಂಗಿನಲ್ಲಿ ಕೇಳಿದ್ದರೆ ನೂರಕ್ಕೆ ಮುಗಿಯುತ್ತಿತ್ತು.

ಶಾಫ್ಟಿನ ವಿಷಯದಲ್ಲಿ ಈ ಅಂಗಡಿಗೆ ಒಳ್ಳೆ ಮಾತೇ ಹೇಳಬೇಕು. ನಡುವೆ 32 ಮಿಮೀ, ಎರಡು ಬೇರಿಂಗ್ ಸೀಟು (ಬೇರಿಂಗ್ ಕೂರುವ ಜಾಗ) 25 ಮಿಮೀ, ಪುಲ್ಲಿ ತುದಿ 20 ಮಿಮೀ. 32 ಯಾಕೆ ಅಂದರೆ 6205ರ ಒಳಗಿನ ರಿಂಗಿಗೆ ಆನಿಸಲು ಹೆಗಲು, ಅಂದರೆ ಸೀಟಿನ ಪಕ್ಕದ ದಪ್ಪ ಭಾಗ, 30.6 ಮಿಮೀಗಿಂತ ಕಮ್ಮಿ ಇರಬಾರದು. 30 ಇಟ್ಟು 32ರ ಸರಳಿನಲ್ಲೇ ಉಳಿತಾಯ ಮಾಡೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ, ಬೇಡ. ಮೇಸ್ತ್ರಿ ಎರಡೂ ತುದಿ ಫೇಸಿಂಗ್ ಮಾಡಿ (ಮಟ್ಟವಾಗಿ ಕೊಯ್ದು) ಸೆಂಟರ್ ಡ್ರಿಲ್ ಹೊಡೆದ. ಚಕ್ಕು (ಜಾಬು ಕಚ್ಚಿ ಹಿಡಿಯುವ ಭಾಗ) ಮತ್ತು ಟೇಲ್‌ಸ್ಟಾಕ್ (ಎದುರು ತುದಿಯ ಆನಿಕೆ) ಮಧ್ಯೆ ಹಿಡಿಸಿ ಒಂದು ಮಿಮೀ ಉಳಿಸಿ ರಫ್ ತೆಗೆದ. ಫಿನಿಶ್ ಹೊತ್ತಿಗೆ ಚಕ್ಕಿನಿಂದ ಬಿಡಿಸಿ ಎರಡು ಸೆಂಟರ್ ನಡುವೆ ಕ್ಯಾರಿಯರ್ (ಶಾಫ್ಟನ್ನು ತಿರುಗಿಸುವ ಹಿಡಿಕೆ) ಕಟ್ಟಿ ಓಡಿಸಿದ. ಇದು ಹೇಳದೆಯೂ ಮಾಡುವ ಅಂಗಡಿ ಸಿಕ್ಕರೆ ಬಿಡಬೇಡಿ. ಮೂರು ದವಡೆಯ ಚಕ್ಕಿನಲ್ಲಿ ಒಂದು ತುದಿ ಮುಗಿಸಿ, ತಿರುಗಿಸಿ ಹಿಡಿದು ಇನ್ನೊಂದು ತುದಿ ಮುಗಿಸಿದರೆ ಎರಡು ಸೀಟಿನ ನಡುಗೆರೆ ಒಂದಕ್ಕೊಂದು 0.05ರಿಂದ 0.1 ಮಿಮೀ ಪಕ್ಕಕ್ಕೆ ಸರಿದಿರುತ್ತದೆ, ಹಳೇ ಚಕ್ಕಾದರೆ ಇನ್ನೂ ಜಾಸ್ತಿ. ಮೈಕ್ರೋಮೀಟರಿನಲ್ಲಿ ಎರಡೂ ಸೀಟು ಸರಿಯಾಗೇ ಕಾಣುತ್ತವೆ, ಮಿಷಿನ್ ಓಡಿಸಿದಾಗ ಶಾಫ್ಟು ಕುಣಿಯುತ್ತದೆ, ಹುಡುಗರು ಬೇರಿಂಗಿಗೆ ಬೈಯುತ್ತಾರೆ. ಬಿಲ್ಲು ಕೊಡುವ ಮುಂಚೆ ಶಾಫ್ಟನ್ನು ಎರಡು ವಿ ಬ್ಲಾಕಿನ ಮೇಲಿಟ್ಟು, ಡಯಲ್ ಗೇಜ್ ತಾಗಿಸಿ, ಕೈಯಲ್ಲಿ ತಿರುಗಿಸಿ ನೋಡಬೇಕು. ಮುಳ್ಳು 0.03ರ ಒಳಗೆ ಆಡಿದರೆ ಈ ಬಗೆಯ ಯಂತ್ರಕ್ಕೆ ಧಾರಾಳ.

ಕಪ್ಪು ಸರಳಿನ ಮೇಲ್ಪದರ ಗಟ್ಟಿ ಇರುತ್ತದೆ. ಮೊದಲ ಕಟ್ ಹೆದರಿ ಹೆದರಿ ಕಾಲು ಮಿಮೀ ಹಾಕಿದರೆ ಟೂಲಿನ ಮೂತಿ ಆ ಪದರಕ್ಕೇ ಉಜ್ಜಿ ಸವೆಯುತ್ತದೆ. ಪದರದ ಕೆಳಗೆ ಇಳಿಯುವಷ್ಟು ಆಳ ಕೊಡಬೇಕು. ಇಲ್ಲಿನ ಮೇಸ್ತ್ರಿಗೆ ಇದು ಗೊತ್ತು, ಕಾಲೇಜು ವರ್ಕ್‌ಶಾಪಿನಲ್ಲಿ ಸ್ವತಃ ಮಾಡುವವರಿಗೆ ಗೊತ್ತಿರುವುದಿಲ್ಲ.

ಫಿನಿಶ್ ಮಾತ್ರ ಸಾಧಾರಣ. ಲೇತು ಹಳೇ ಬೆಲ್ಟಿನದು, ಮೇಲಿನ ಸ್ಪೀಡೇ 700 ಸುತ್ತಿನ ಆಸುಪಾಸು. 25 ಮಿಮೀ ವ್ಯಾಸಕ್ಕೆ ಅದು ನಿಮಿಷಕ್ಕೆ 55 ಮೀಟರ್ ಕಟಿಂಗ್ ಸ್ಪೀಡ್. ಕಾರ್ಬೈಡ್ ಟೂಲು ಇಎನ್8 ಮೇಲೆ ಹೊಳಪು ಕೊಡಲು 100 ಮೀಟರಿನ ಮೇಲೆ ಓಡಬೇಕು, ಅಂದರೆ ಸುಮಾರು 1,270 ಸುತ್ತು. ನಿಧಾನ ಓಡಿದಾಗ ಲೋಹ ಟೂಲಿನ ಮೂತಿಗೆ ಅಂಟಿ, ಕಿತ್ತು, ಮತ್ತೆ ಅಂಟಿ, ಶಾಫ್ಟಿನ ಮೇಲೆ ಹರಿದ ಹಾಗೆ ಗೆರೆ ಬೀಳುತ್ತದೆ. ಇದನ್ನು ಮುಚ್ಚಲು ಎಮರಿ ಪೇಪರ್. ಎರಡು ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ 0.001 ಮಿಮೀ) ಉಜ್ಜಿದರೆ ಯಾರೂ ಏನೂ ಅನ್ನುವುದಿಲ್ಲ. ಸೈಜೇ ಎಮರಿಯಿಂದ ತರಲು ಹೊರಟರೆ ಸೀಟಿನ ಒಂದು ತುದಿ ಇಳಿದು ಇನ್ನೊಂದು ತುದಿ ಹಾಗೇ ಉಳಿಯುತ್ತದೆ. ಫಿನಿಶ್ ಕಟ್ಟಿಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಚೂಪು ಮಾಡಿ, 30 ಮೀಟರ್ ಸ್ಪೀಡಿನಲ್ಲಿ, ಅಂದರೆ 380 ಸುತ್ತಿನಲ್ಲಿ, ಸಣ್ಣ ಫೀಡಿನಲ್ಲಿ ಕೂಲಂಟ್ ಬಿಟ್ಟು ತೆಗೆಯಿರಿ ಅಂತ ಕೇಳಿಕೊಳ್ಳುವುದು ಒಳ್ಳೆಯದು. ಮೇಸ್ತ್ರಿ ಮುಖ ಸಿಂಡರಿಸಿದರೂ ಮಾಡಿಕೊಡುತ್ತಾನೆ. ಬಿಟ್ ಕೈಯಲ್ಲಿ ಉಜ್ಜುವಾಗ ಮೂತಿಯ ದುಂಡು 1 ಮಿಮೀ ದಾಟಬಾರದು ಅಂತಲೂ ಹೇಳಿ. ಹೆಗಲಿನ ಮೂಲೆ ಬೇರಿಂಗಿನ ಮೂಲೆಗಿಂತ ದುಂಡಾಗಿದ್ದರೆ ಬೇರಿಂಗು ಹೆಗಲಿಗೆ ಆನುವುದಿಲ್ಲ, ಬೆಳಕಿಗೆ ಹಿಡಿದರೆ ಸಂದು ಕಾಣುತ್ತದೆ.

ಈಗ ಬೇರಿಂಗ್ ಸೀಟಿನ ಅಳತೆ. ತಿರುಗುವುದು ಶಾಫ್ಟು, ನಿಂತಿರುವುದು ಹೌಸಿಂಗು. ಹಾಗಾಗಿ ಒಳಗಿನ ರಿಂಗು ಶಾಫ್ಟಿಗೆ ಬಿಗಿ, ಹೊರಗಿನದು ಹೌಸಿಂಗಿನಲ್ಲಿ ಕೈಯಲ್ಲಿ ಒತ್ತಿದರೆ ಜಾರುವಷ್ಟು. ಡ್ರಾಯಿಂಗಿನಲ್ಲಿ ಶಾಫ್ಟಿಗೆ ಕೆ6, ಹೌಸಿಂಗಿಗೆ ಎಚ್7 ಅಂತ ಬಿಗಿ-ಸಡಿಲಿನ ಸಂಕೇತ ಬರೆದರೆ ಪರೀಕ್ಷೆಯಲ್ಲಿ ಮಾರ್ಕ್ಸ್ ಬರುತ್ತದೆ, ಲೇತ್ ಶಾಪಿನಲ್ಲಿ ಬರುವುದಿಲ್ಲ. ಅಲ್ಲಿ ಬೇಕಾದ್ದು ಸಂಖ್ಯೆ: ಶಾಫ್ಟು 25.002ರಿಂದ 25.015, ಹೌಸಿಂಗು 52.000ರಿಂದ 52.030. ಇಲ್ಲಿ ನಡೆಯುವ ಮಾತುಕತೆಯ ಮಾದರಿ ಹೀಗೆ:

‘ಅಣ್ಣ, ಇದ್ರಲ್ಲಿ ಬೇರಿಂಗ್ ಕೂರ್ಬೇಕು.’
‘ಟೈಟಾ ಲೂಸಾ ಹೇಳಪ್ಪ.’
‘ಸ್ವಲ್ಪ ಟೈಟ್ ಇರ್ಲಿ ಅಣ್ಣ.’
‘ಒಂದ್ ಪಾಯಿಂಟ್ ಬಿಡ್ತೀನಿ.’

ಆ ಒಂದು ಪಾಯಿಂಟ್ ಅಂದರೆ ಒಬ್ಬರಿಗೆ 0.1, ಇನ್ನೊಬ್ಬರಿಗೆ 0.01. ಹತ್ತು ಪಟ್ಟು ವ್ಯತ್ಯಾಸ. ಯಾವುದು ಅಂತ ಅಲ್ಲೇ ಕೇಳಿ, ಕಾಗದದ ಮೇಲೆ ಪೆನ್ನಲ್ಲಿ ಬರೆಸಿ.

ಅಂಗಡಿಯ ದೊಡ್ಡ ಕೊರತೆ ಬಯಲಾಗುವುದು ಇಲ್ಲೇ. ಗೋಡೆಗೆ ತೂಗುಹಾಕಿದ್ದು 0–25ರ ಮೈಕ್ರೋಮೀಟರ್ ಒಂದೇ. ಅದರ ಅಳತೆ ಮುಗಿಯುವುದೇ 25ಕ್ಕೆ; 25.010 ಇದೆಯಾ ಅಂತ ನಂಬಿಕೆಯಿಂದ ಹೇಳಲು 25–50ರದ್ದು ಬೇಕು. ಅದಿಲ್ಲದಾಗ ವರ್ನಿಯರ್ ಕ್ಯಾಲಿಪರ್ ಹಿಡಿಯುತ್ತಾರೆ. ವರ್ನಿಯರಿನ ಒಂದು ಗೆರೆ 0.02 ಮಿಮೀ, ನಮಗೆ ಬೇಕಾದ ಇಡೀ ಪಟ್ಟಿಯ ಅಗಲವೇ 0.013. ತಕ್ಕಡಿಯಲ್ಲಿ ಅಡಿಕೆ ತೂಗುವ ಕಲ್ಲಿಟ್ಟು ಚಿನ್ನ ತೂಗಿದ ಹಾಗೆ. ಕಾಲೇಜಿನ ಮೆಟ್ರಾಲಜಿ ಲ್ಯಾಬಿನಿಂದ 25–50ರ ಮೈಕ್ರೋಮೀಟರನ್ನು ಸಹಿ ಹಾಕಿ ಅರ್ಧ ದಿನಕ್ಕೆ ತಂದುಕೊಂಡರೆ ಈ ಪ್ರಾಜೆಕ್ಟಿನ ಅರ್ಧ ತಲೆನೋವು ಹೋಗುತ್ತದೆ.

ಅಳೆಯುವ ಹೊತ್ತೂ ಮುಖ್ಯ. ಲೇತಿನಿಂದ ಆಗಷ್ಟೇ ಬಂದ ಶಾಫ್ಟು ಮುಟ್ಟಿದರೆ ಚುರುಕ್ ಅನ್ನುತ್ತದೆ. ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ 11.5 ಮೈಕ್ರಾನ್ ಹಿಗ್ಗುತ್ತದೆ. ಶಾಫ್ಟು 40 ಡಿಗ್ರಿ ಜಾಸ್ತಿ ಬಿಸಿ ಇದ್ದರೆ 25 ಮಿಮೀ ವ್ಯಾಸಕ್ಕೆ 11 ಮೈಕ್ರಾನ್ ಚಿಲ್ಲರೆ ಹಿಗ್ಗಿರುತ್ತದೆ. ಬಿಸಿಯಲ್ಲಿ 25.010 ತೋರಿಸಿದ್ದು ತಣ್ಣಗಾದ ಮೇಲೆ 25ಕ್ಕಿಂತ ಕೆಳಗೆ. ಸಂಜೆ ಬಿಗಿ ಕೂತ ಬೇರಿಂಗು ಬೆಳಿಗ್ಗೆ ಕೈಯಲ್ಲಿ ಜಾರುವುದರ ಗುಟ್ಟು ಇದು. ಕೊನೇ ಕಟ್ಟಿನ ಮುಂಚೆ ಶಾಫ್ಟಿನ ಮೇಲೆ ಕೂಲಂಟ್ ಸುರಿದು, ಒಂದು ಚಾ ಕುಡಿದು ಬಂದು ಅಳೆಯಿರಿ.

ಹೌಸಿಂಗು ಯಾಕೆ ಕೆಟ್ಟಿತು ಅನ್ನುವುದಕ್ಕೆ ಸ್ವಲ್ಪ ಜಾಗ ಬೇಕು, ಯಾಕೆಂದರೆ ವಿದ್ಯಾರ್ಥಿ ಪ್ರಾಜೆಕ್ಟುಗಳಲ್ಲಿ ಅತಿ ಹೆಚ್ಚು ಕೆಡುವುದು ಇದೇ. ಬಿಲ್ಲೆಯ ಹೊರ ವ್ಯಾಸ 90, ದಪ್ಪ 25, ಒಳಗೆ 52 ಮಿಮೀ ಗುಂಡಿ 15 ಮಿಮೀ ಆಳ, ಅದರಾಚೆ 40ರ ತೂತು ಆರಪಾರ. ಒಳಗೆ ಬೋರಿಂಗ್ ಬಾರ್ ತೂರಿಸಿ ಕೊಯ್ಯಬೇಕು. ಬಾರು ಉದ್ದ ಹೊರಚಾಚಿದಷ್ಟೂ ಬಾಗುತ್ತದೆ, ಬಾಯಿ ಹತ್ತಿರ ಒಂದು ಅಳತೆ, ಆಳದಲ್ಲಿ ಇನ್ನೊಂದು. ಇದಕ್ಕೆ ಮದ್ದು ಅದೇ ಸೆಟ್ಟಿಂಗಿನಲ್ಲಿ ಟೂಲನ್ನು ಒಳಗೆ ತಳ್ಳದೆ ಇನ್ನೆರಡು ಸಲ ಖಾಲಿ ಓಡಿಸುವುದು. ಬಾಗಿದ ಬಾರು ನೆಟ್ಟಗಾಗುತ್ತಾ ಉಳಿದದ್ದನ್ನು ತೆಗೆಯುತ್ತದೆ. ಅದನ್ನು ಮೇಸ್ತ್ರಿ ಮಾಡಿದ್ದ. ತಪ್ಪಿದ್ದು ಅಳತೆಯಲ್ಲಿ. ಬೋರ್ ಗೇಜ್ ಇಲ್ಲ, ವರ್ನಿಯರಿನ ಮೇಲಿನ ಕೊಂಬುಗಳನ್ನು ಒಳಗೆ ಹಿಗ್ಗಿಸಿ ನೋಡುತ್ತಾರೆ. ಆ ಕೊಂಬುಗಳ ಅಂಚು ಚಪ್ಪಟೆ, ತೂತು ದುಂಡು. ಚಪ್ಪಟೆ ಅಂಚಿನ ಎರಡು ಮೂಲೆ ತಾಗುತ್ತವೆಯೇ ಹೊರತು ನಡುಭಾಗ ಗೋಡೆ ಮುಟ್ಟುವುದಿಲ್ಲ. ಹಾಗಾಗಿ ವರ್ನಿಯರ್ ಯಾವಾಗಲೂ ಇದ್ದದ್ದಕ್ಕಿಂತ ಕಮ್ಮಿ ತೋರಿಸುತ್ತದೆ. 51.96 ಅಂತ ಓದಿ ಇನ್ನೊಂದು ಕಟ್ ಹಾಕಿದರು. ಗುಂಡಿ 52.06ಕ್ಕೆ ಹೋಗಿ ಕೂತಿತು, ಬೇರಿಂಗು ಒಳಗೆ ಗಲಗಲ ಅಂದಿತು.

ತಪ್ಪು ಯಾರದು? ಅಂಗಡಿಯವರು ರಿಪೇರಿಗೆ ₹600 ಕೇಳಿದ್ದು ಮೊದಲಿಗೆ ಅನ್ಯಾಯ ಅನ್ನಿಸುತ್ತದೆ. ಡ್ರಾಯಿಂಗ್ ತೆಗೆದು ನೋಡಿದರೆ ‘ವ್ಯಾಸ 52’ ಅಂತಷ್ಟೇ ಇದೆ, ಕೆಳಗಿನ ಟೈಟಲ್ ಬ್ಲಾಕಿನಲ್ಲಿ ‘ಐಎಸ್‌ಒ 2768-ಎಂ’ ಅಂತ ಟೆಂಪ್ಲೇಟಿನ ಜೊತೆ ಬಂದ ಸಾಲು. ಆ ಲೆಕ್ಕದಲ್ಲಿ 52ಕ್ಕೆ ಮೇಲೆ 0.3, ಕೆಳಗೆ 0.3 ಸಲ್ಲುತ್ತದೆ. 52.06 ಪಾಸು. ಅಂಗಡಿಯ ಮೇಲೆ ಕೂಗಾಡಲು ಜಾಗವಿಲ್ಲ. ಗುಂಡಿಯನ್ನು 58ಕ್ಕೆ ಬೋರ್ ಮಾಡಿ ಬುಷ್ ಒತ್ತಿ ಮತ್ತೆ 52 ತೆಗೆದದ್ದಕ್ಕೆ ₹600 ನ್ಯಾಯದ ಕೂಲಿಯೇ. ಆದರೆ ಅಷ್ಟು ಖರ್ಚೂ ಬೇಕಿರಲಿಲ್ಲ. 0.06ರ ಸಡಿಲಿಗೆ ಬೇರಿಂಗ್ ಅಂಟಿಸುವ ರಿಟೇನಿಂಗ್ ಕಾಂಪೌಂಡಿನ ನಾಲ್ಕು ಹನಿ ಸಾಕಾಗುತ್ತದೆ, ಎರಡೂ ಮೇಲ್ಮೈಯ ಎಣ್ಣೆ ಪೂರ್ತಿ ಒರೆಸಿ, ಸೀಲಿನ ಒಳಗೆ ಹನಿ ಇಳಿಯದಂತೆ ಹಚ್ಚಬೇಕು. ಅಂಗಡಿಯ ಇನ್ನೊಂದು ಸಲಹೆ, ಗುಂಡಿಯ ಗೋಡೆಗೆ ಸೆಂಟರ್ ಪಂಚ್‌ನಿಂದ ಸುತ್ತ ಚುಕ್ಕಿ ಹೊಡೆದು ಬಿಗಿ ಮಾಡೋಣ ಅನ್ನುವುದು. ಅದಕ್ಕೆ ಒಪ್ಪಬೇಡಿ. ಚುಕ್ಕಿಯ ಸುತ್ತ ಎದ್ದ ಏಣು ಎರಡು ದಿನದಲ್ಲಿ ಚಪ್ಪಟೆಯಾಗಿ ಮತ್ತೆ ಅದೇ ಗಲಗಲ, ಜೊತೆಗೆ ಬೇರಿಂಗು ನಡುಗೆರೆ ಬಿಟ್ಟು ಕೂರುತ್ತದೆ.

ಇದಕ್ಕೆಲ್ಲ ಮುಂಚೆ ಮಾಡಬಹುದಾದ ಸುಲಭದ ಕೆಲಸ: ಬೇರಿಂಗನ್ನೇ ಅಂಗಡಿಗೆ ಕೊಟ್ಟು ಬನ್ನಿ. ಎರಡು ಪಕ್ಕ ರಬ್ಬರ್ ಸೀಲಿರುವ 6205-2ಆರ್‌ಎಸ್ ತೆಗೆದುಕೊಂಡರೆ ಚೂರು ಒಳಗೆ ಹೋಗುವುದಿಲ್ಲ. ಮೇಸ್ತ್ರಿಗೆ ಅದೇ ಗೇಜು. ಹೆಬ್ಬೆರಳಲ್ಲಿ ಒತ್ತಿ, ಅರ್ಧ ಹೋಗಿ ನಿಂತಾಗ, ಇನ್ನೊಂದು ಕೂದಲೆಳೆ ಅಂತ ಕೈ ಹೇಳುತ್ತದೆ. ಇಪ್ಪತ್ತು ವರ್ಷ ಲೇತ್ ಹಿಡಿದ ಕೈಗೆ ವರ್ನಿಯರಿಗಿಂತ ಅದು ಚೆನ್ನಾಗಿ ಗೊತ್ತು. ಸುತ್ತಿಗೆಯಲ್ಲಿ ಬಡಿದು ನೋಡಲು ಮಾತ್ರ ಬಿಡಬಾರದು.

ಇನ್ನೊಂದು ಕಾಸಿಲ್ಲದ ಬದಲಾವಣೆ. ಎರಡೂ ಹೌಸಿಂಗಿನ ಗುಂಡಿ 15 ಮಿಮೀ ಆಳವೇ ಇಟ್ಟು ಎರಡೂ ಕಡೆಯಿಂದ ಬೇರಿಂಗನ್ನು ಹೆಗಲಿಗೆ ಒತ್ತಿ ಬಿಗಿದರೆ, ಶಾಫ್ಟು ಬಿಸಿಯಾಗಿ ಉದ್ದ ಹಿಗ್ಗಲು ಜಾಗ ಇಲ್ಲ. 450 ಮಿಮೀ ಶಾಫ್ಟು 20 ಡಿಗ್ರಿ ಕಾದರೆ 0.1 ಮಿಮೀ ಉದ್ದವಾಗುತ್ತದೆ, ಅಷ್ಟೂ ಬಲ ಬೇರಿಂಗಿನ ಪಕ್ಕಕ್ಕೆ ಬೀಳುತ್ತದೆ. ಒಂದು ಕಡೆ 15, ಇನ್ನೊಂದು ಕಡೆ 16 ಬರೆಯಿರಿ, ಒಂದು ಬೇರಿಂಗು ಹಿಡಿದುಕೊಳ್ಳಲಿ, ಇನ್ನೊಂದು ಜಾರಿಕೊಳ್ಳಲಿ.

ಅಷ್ಟೆಲ್ಲ ಹೇಳಿದ ಮೇಲೂ ನೇರ ಮಾತು: ಈ ಹೌಸಿಂಗನ್ನು ಮಾಡಿಸಲೇಬಾರದಿತ್ತು. ಯುಸಿಎಫ್ 205 ಅಂತ ಚೌಕ ಮುಖದ ಸಿದ್ಧ ಹೌಸಿಂಗು ಬೇರಿಂಗ್ ಸಮೇತ ಅಂಗಡಿಯಲ್ಲಿ ಸಿಗುತ್ತದೆ, 25 ಮಿಮೀ ಶಾಫ್ಟಿಗೆ, ನಾಲ್ಕು ಎಂ10 ಬೋಲ್ಟು, ತೂತಿಂದ ತೂತಿಗೆ 70 ಮಿಮೀ. ಎರಡಕ್ಕೂ ಸೇರಿ ಸುಮಾರು ₹800 ಹಿಡಿಯಿರಿ. ಹೌಸಿಂಗಿನ ಲೇತು, ಸರಳು, ತೆರಿಗೆ, ತೂತು, ಬೇರಿಂಗು, ರಿಪೇರಿ ಎಲ್ಲ ಸೇರಿದ ₹2,526 ಆಗ ಉಳಿಯುತ್ತದೆ. ₹5,145 ಇದ್ದದ್ದು ₹3,419ಕ್ಕೆ ಇಳಿಯುತ್ತದೆ. ಶಾಫ್ಟು ಒಂಚೂರು ಓರೆಯಾಗಿ ಕೂತರೂ ಒಳಗಿನ ಗೋಳಾಕಾರದ ಸೀಟು ಅದನ್ನು ನುಂಗಿಕೊಳ್ಳುತ್ತದೆ, ವೆಲ್ಡಿಂಗ್ ಫ್ರೇಮಿನಲ್ಲಿ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ‘ಎಲ್ಲ ಕೊಂಡು ತಂದರೆ ನೀವು ಮಾಡಿದ್ದೇನು?’ ಅಂತ ವೈವಾದಲ್ಲಿ ಕೇಳುತ್ತಾರೆ ಅನ್ನುವ ಭಯ ಹುಡುಗರಿಗೆ. ಬೇರಿಂಗ್ ಹೌಸಿಂಗನ್ನು ಮಿಷಿನ್ ತಯಾರಿಸುವವರೂ ಕೊಂಡೇ ಹಾಕುತ್ತಾರೆ ಅಂತ ಉತ್ತರ ಕೊಡಬಹುದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಯುಸಿಎಫ್ ಬೇರಿಂಗಿಗೆ ಶಾಫ್ಟು ಒತ್ತಿ ಕೂರಬೇಕಿಲ್ಲ, ಗ್ರಬ್ ಸ್ಕ್ರೂ ಹಿಡಿಯುತ್ತದೆ. ಹಗುರ ಲೋಡಿಗೆ 25 ಮಿಮೀ ಬ್ರೈಟ್ ಬಾರನ್ನೇ ಆರಪಾರ ಹಾಕಿದರೆ ಟರ್ನಿಂಗ್ ಕೆಲಸವೇ ಹೆಚ್ಚುಕಮ್ಮಿ ಹೋಯಿತು. ಕೊಳ್ಳುವಾಗ ಮೈಕ್ರೋಮೀಟರಿನಲ್ಲಿ ನೋಡಿ, 24.95ಕ್ಕಿಂತ ಇಳಿದದ್ದು ಬೇಡ. ಎರಡು ಎಚ್ಚರ: ಆಗ ಪುಲ್ಲಿ ತುದಿಯೂ 25 ಮಿಮೀ, ಕೀ 8×7 ಆಗುತ್ತದೆ, ಗಾಡಿಯ ಆಳ 4 ಮಿಮೀ. ಬ್ರೈಟ್ ಬಾರ್ ತಣ್ಣಗೆ ಎಳೆದದ್ದು, ಮೇಲ್ಮೈಯಲ್ಲಿ ಬಿಗುವು ಉಳಿದಿರುತ್ತದೆ. ಒಂದೇ ಪಕ್ಕ ಉದ್ದ ಕೀವೇ ಹೊಡೆದರೆ ಶಾಫ್ಟು ಬಿಲ್ಲಿನ ಹಾಗೆ ಬಗ್ಗುತ್ತದೆ. ಗಾಡಿ ಪುಲ್ಲಿಯ ಅಗಲಕ್ಕೆ ಎಷ್ಟು ಬೇಕೋ ಅಷ್ಟೇ ಇರಲಿ.

ಕೀವೇಯ ಡ್ರಾಯಿಂಗಿನಲ್ಲಿ ಒಂದು ಸಣ್ಣ ಉಪಾಯ. 20 ಮಿಮೀ ಶಾಫ್ಟಿಗೆ ಆಳ 3.5. ಹಾಗಂತ ಬರೆದರೆ ಮೇಸ್ತ್ರಿ ಅಳೆಯುವುದು ಎಲ್ಲಿಂದ? ಗಾಡಿ ಕೊಯ್ದ ಮೇಲೆ ದುಂಡಿನ ನೆತ್ತಿಯೇ ಇರುವುದಿಲ್ಲ. ಗಾಡಿಯ ತಳದಿಂದ ಶಾಫ್ಟಿನ ಕೆಳ ಅಂಚಿಗೆ 16.5 ಅಂತ ಬರೆಯಿರಿ, ವರ್ನಿಯರ್ ಹಾಕಿ ನೇರ ನೋಡಬಹುದು. ಅಗಲ 6ಕ್ಕೆ ಕೂಡ ಕೈಯಲ್ಲಿ ಕೀ ಕೊಟ್ಟು ಹೋಗಿ. 6 ಮಿಮೀ ಕಟರು ಚಕ್ಕಿನಲ್ಲಿ ಸ್ವಲ್ಪ ವಾಲಿ ತಿರುಗಿದರೆ ಗಾಡಿ 6.08 ಆಗುತ್ತದೆ, ಪುಲ್ಲಿ ಟಕಟಕ ಅನ್ನಲು ಅಷ್ಟು ಸಾಕು.

ಲೇಸರ್ ಕಟಿಂಗಿನ ಬಗ್ಗೆ ಚುಟುಕಾಗಿ. 300×250 ಮಿಮೀ ಪ್ಲೇಟು, ನಡುವೆ 45ರ ತೂತು, ನಾಲ್ಕು 9ರ ತೂತು. ಎರಡಕ್ಕೂ ಸೇರಿ ಕಟ್ಟಿನ ಉದ್ದ 2.7 ಮೀಟರ್. ಮೀಟರ್ ಲೆಕ್ಕದಲ್ಲಿ ನೂರು ರೂಪಾಯಿಯ ಕೆಲಸ, ಆದರೆ ಮಿನಿಮಮ್ ಚಾರ್ಜ್ ₹500. ಇನ್ನೊಂದು ತಂಡದ ಪ್ಲೇಟನ್ನೂ ಅದೇ ಫೈಲಿಗೆ ಸೇರಿಸಿ ಕಳಿಸಿದರೆ ಇಬ್ಬರಿಗೂ ಅರ್ಧ. ಲೇಸರಿನವರಿಗೆ ಕೊಡುವ ಡ್ರಾಯಿಂಗಿನ ಡಿಎಕ್ಸ್‌ಎಫ್ ಫೈಲು 1:1 ಇರಬೇಕು, ಮಿಮೀಯಲ್ಲಿ ಇರಬೇಕು; ಇಂಚಿನಲ್ಲಿ ಸೇವ್ ಆಗಿದ್ದರೆ ಆಚೆ ಕಡೆ 25.4 ಪಟ್ಟು ದೊಡ್ಡದೋ ಚಿಕ್ಕದೋ ಆಗಿ ತೆರೆಯುತ್ತದೆ. ಮುಖ್ಯ ಅಳತೆ ಒಂದನ್ನು ವಾಟ್ಸಾಪಿನಲ್ಲಿ ಪಕ್ಕದಲ್ಲೇ ಬರೆದು ಕಳಿಸುವುದು ಕ್ಷೇಮ. ಬೇರಿಂಗ್ ಕೂರುವ ತೂತನ್ನು ಲೇಸರಿನಲ್ಲಿ ತೆಗೆಸಬೇಡಿ, ಗೋಡೆಗೆ ಓರೆ ಇರುತ್ತದೆ. ಟ್ಯಾಪ್ ಹಾಕುವ ತೂತಿಗೂ ಗುರುತು ಮಾತ್ರ ಸಾಕು, ಎಂ8ಕ್ಕೆ 6.8, ಎಂ10ಕ್ಕೆ 8.5 ಡ್ರಿಲ್ ಬೇರೆ ಹೊಡೆಯಿರಿ.

ಮಾಚೇನಹಳ್ಳಿ ಕಡೆಯ ವಿಎಂಸಿ (ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಓಡುವ ಮಿಲ್ಲಿಂಗ್ ಯಂತ್ರ) ಶಾಪಿಗೆ ಯಾಕೆ ಕೊಡಲಿಲ್ಲ ಅನ್ನುವವರಿಗೆ: ಒಂದೇ ತುಂಡಿಗೆ ಅದು ದುಬಾರಿ. ಪ್ರೋಗ್ರಾಮು, ಹಿಡಿಕೆ, ಸೊನ್ನೆ ಹಿಡಿಯುವುದು ಸೇರಿ 45 ನಿಮಿಷ, ಕೊಯ್ಯಲು 12 ನಿಮಿಷ ಅಂದುಕೊಳ್ಳಿ. ಒಂದಕ್ಕೆ 57 ನಿಮಿಷ. ಹತ್ತು ಮಾಡಿಸಿದರೆ ಒಂದಕ್ಕೆ ಹದಿನಾರೂವರೆ ನಿಮಿಷ. ಬ್ಲೇಡ್ ಹಿಡಿಯುವ ಹಬ್ಬು ಹತ್ತಾರು ಬೇಕಿದ್ದರೆ, ಇಲ್ಲವೇ ಆಕಾರ ಲೇತಿಗೆ ಒಗ್ಗದಿದ್ದರೆ ಅಲ್ಲಿಗೆ ಹೋಗಿ. ಗುಂಡಿಯ ಮೂಲೆಗಳನ್ನು ಚೌಕ ಬರೆದುಕೊಂಡು ಹೋಗಬೇಡಿ, ಕಟರು ದುಂಡು. ಮೂಲೆಗೆ 5 ಮಿಮೀ ರೇಡಿಯಸ್ ಕೊಟ್ಟರೆ 10ರ ಕಟರಿಗಿಂತ ಸಣ್ಣದು ಸಲೀಸಾಗಿ ತಿರುಗುತ್ತದೆ. 1 ಮಿಮೀ ಕೊಟ್ಟರೆ 2ರ ಕಟರು ಹಾಕಬೇಕು, ಆಳ ಇದ್ದರೆ ಮುರಿಯುತ್ತದೆ, ಅದರ ದುಡ್ಡೂ ನಿಮ್ಮ ತಲೆಗೆ.

ಸರಳು ಕೊಳ್ಳುವಾಗ ಇಎನ್8 ಅಂತ ಕೊಟ್ಟದ್ದು ಇಎನ್8ಯೇ ಅನ್ನುವ ಖಾತ್ರಿ ತುಂಡು ಮಾರುವಲ್ಲಿ ಸಿಗುವುದಿಲ್ಲ. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿ ಇಪ್ಪತ್ತು ಕಿಲೋಮೀಟರಿನೊಳಗೆ ಇದ್ದೂ ನಮ್ಮ ಅಂಗಡಿಗಳಲ್ಲಿ ಬಣ್ಣದ ಪಟ್ಟಿ ಅಳಿಸಿದ ಸರಳೇ ಕೈಗೆ ಸಿಗುವುದು ತಮಾಷೆ. ಗ್ರೈಂಡರಿಗೆ ತಾಗಿಸಿ ಕಿಡಿ ನೋಡಿ. ಎಂಎಸ್ ಕಿಡಿ ಉದ್ದ, ನೇರ, ಕವಲು ಕಮ್ಮಿ. ಇಎನ್8 ಕಿಡಿ ತುದಿಯಲ್ಲಿ ಸುರುಸುರು ಬತ್ತಿಯ ಹಾಗೆ ಒಡೆದು ಹರಡುತ್ತದೆ. ಎರಡನ್ನೂ ಪಕ್ಕಪಕ್ಕ ಹಿಡಿದರೆ ಮೊದಲ ಸಲ ನೋಡುವವನಿಗೂ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಜಾಬು ತರುವವರಿಗೆ ಒಂದು ಮಾತು. ಕೂಲಂಟ್ ನೀರಲ್ಲಿ ನೆಂದ ಶಾಫ್ಟನ್ನು ಹಾಗೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೊಡುತ್ತಾರೆ. ಜುಲೈನಲ್ಲಿ ಮಾರನೇ ಬೆಳಿಗ್ಗೆಗೆ ಬೇರಿಂಗ್ ಸೀಟು ಕಂದು ತಿರುಗಿರುತ್ತದೆ. ಅಲ್ಲೇ ಒರೆಸಿ, ಒಣಗಿಸಿ, ಎಣ್ಣೆ ಸವರಿ, ಪೇಪರಿನಲ್ಲಿ ಸುತ್ತಿ ತನ್ನಿ. ಹಸಿ ಅಡಿಕೆ ಹಾಕಿ ಮಿಷಿನ್ ಓಡಿಸಿ ನೋಡಿದ ಮೇಲೂ ಇದೇ ಕತೆ: ಅಡಿಕೆಯ ಒಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ, ಚೊಗರು ಬಿದ್ದ ಪಂಚೆಯಂತೆ ಆ ಕಲೆಯೂ ಹೋಗುವುದಿಲ್ಲ. ಪ್ರದರ್ಶನಕ್ಕೆ ಇಡುವ ಶಾಫ್ಟನ್ನು ಅವತ್ತೇ ತೊಳೆದು ಎಣ್ಣೆ ಹಚ್ಚಿ.

ಸಮಯಪಾಲನೆಯಲ್ಲಿ ಅಂಗಡಿಗೆ ಅರ್ಧ ಮಾರ್ಕು. ‘ನಾಳೆ ಸಂಜೆ ಬನ್ನಿ’ ಅಂದರೆ ನಾಲ್ಕು ದಿನ. ಅಡಿಕೆ ಕೊಯ್ಲಿನ ಕಾಲದಲ್ಲಿ, ಅಕ್ಟೋಬರಿನಿಂದ ಜನವರಿವರೆಗೆ, ರೈತರ ಸುಲಿಯುವ ಮಿಷಿನ್ನುಗಳ ರಿಪೇರಿ ಮುಂದೆ ಕಾಲೇಜಿನ ಜಾಬು ಬೆಂಚಿನ ಕೆಳಗೆ ಸೇರುತ್ತದೆ. ಅದನ್ನು ತಪ್ಪು ಅನ್ನುವ ಹಾಗಿಲ್ಲ, ಅವರ ಬೆಳೆ ನಿಂತಿರುತ್ತದೆ. ಏಪ್ರಿಲ್ಲಿನಲ್ಲಿ ಇಡೀ ಊರಿನ ಫೈನಲ್ ಇಯರು ಒಟ್ಟಿಗೆ ಬಂದು ನಿಲ್ಲುತ್ತದೆ. ಫೆಬ್ರವರಿಯ ಮೊದಲ ಎರಡು ವಾರ ಮೇಸ್ತ್ರಿಗೆ ಪುರುಸೊತ್ತು. ಆಗ ಹೋದರೆ ಡ್ರಾಯಿಂಗ್ ನೋಡಿ, ‘ಇಲ್ಲಿ ಒಂದು ಗಾಡಿ ಕೊಡಪ್ಪ, ಟೂಲು ಹೊರಗೆ ಬರೋಕೆ ಜಾಗ ಬೇಕು’ ಅಂತ ತಾನೇ ತಿದ್ದಿಕೊಡುತ್ತಾನೆ. ಅದಕ್ಕೆ ಬಿಲ್ಲಿಲ್ಲ.

ಬಿಲ್ಲಿನ ಬಗ್ಗೆಯೇ ಕೊನೆಯದು. ಕಾಲೇಜಿನಿಂದಲೋ ಕೆಎಸ್‌ಸಿಎಸ್‌ಟಿ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ಅನುದಾನದಿಂದಲೋ ದುಡ್ಡು ವಾಪಸ್ ಪಡೆಯುವವರು ಕೆಲಸ ಕೊಡುವ ಮುಂಚೆಯೇ ಅಚ್ಚು ಹಾಕಿದ ಬಿಲ್ಲು ಸಿಗುತ್ತದಾ ಅಂತ ಕೇಳಿಕೊಳ್ಳಿ. ಈ ಅಂಗಡಿ ಕೊಟ್ಟದ್ದು ಬಿಳಿ ಹಾಳೆಯಲ್ಲಿ ಮೊತ್ತ, ಕೆಳಗೊಂದು ಸಹಿ. ಸರಳಿನ ಅಂಗಡಿ, ಬೇರಿಂಗಿನ ಅಂಗಡಿ, ಲೇಸರಿನವರು ಮೂವರೂ ಜಿಎಸ್‌ಟಿ ಬಿಲ್ಲು ಕೊಡುತ್ತಾರೆ. ಲೇತಿನ ಕೂಲಿಯನ್ನು ಜೇಬಿನ ಖರ್ಚು ಅಂತಲೇ ಬಜೆಟ್ಟಿನಲ್ಲಿ ಬರೆದುಕೊಳ್ಳಿ. 35ರ ಸರಳಿನಲ್ಲಿ ಉಳಿದ ತುಂಡನ್ನು ಕೇಳಿ ತನ್ನಿ, ಪುಲ್ಲಿಯ ಬುಷ್ಷಿಗೆ ಆಗುತ್ತದೆ.